ಎರಡು ನಾಲಗೆಯ ಮಕ್ಕಳು

ಎರಡು ನಾಲಗೆ ಇರುವುದು ಹಾವಿಗೆ, ಇಲ್ಲವೆ ಚಾಡಿಕೋರನಿಗೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪಾಪ, ಅವರು ಚೆನ್ನೈಯಲ್ಲಿ ಸಂಸಾರ ಹೂಡಿರುವ ಕನ್ನಡಿಗರ ಮಕ್ಕಳನ್ನು ಕಂಡವರಲ್ಲ. ನಮ್ಮ ಮಕ್ಕಳಿಗೆ ಮನೆಯೊಳಗೆ ಒಂದು ನಾಲಗೆ, ಮೆಟ್ಟಿಲಿಳಿದರೆ ಇನ್ನೊಂದು, ಶಾಲೆಯ ವ್ಯಾನು ಹತ್ತಿದರೆ ಮೂರನೆಯದು. ಇಷ್ಟಾಗಿಯೂ ಅವರು ಹಾವುಗಳೂ ಅಲ್ಲ, ಚಾಡಿಕೋರರೂ ಅಲ್ಲ. ಅಣ್ಣನ ಮೇಲೆ ದೂರು ತರುವ ಹೊತ್ತಿನಲ್ಲಿ ನಮ್ಮ ಚಿಕ್ಕವಳನ್ನು ಬಿಟ್ಟರೆ.

ಕಳೆದ ಬಾರಿ ಸಂಘದ ಕೂಟದಲ್ಲಿ, ಕೋಸಂಬರಿ ಹಂಚುವ ಹೊತ್ತಿಗೆ, ತಾಯಿಯೊಬ್ಬರು ಎರಡು ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಬಳಿ ಬಂದರು. "ಸಾರ್, ಪತ್ರಿಕೆಯಲ್ಲಿ ಬರೆಯುವವರು ನೀವೇ ಅಲ್ಲವೆ? ಒಂದು ಮಾತು ಕೇಳಬೇಕಾಗಿತ್ತು. ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಎಂದಾದರೆ ಮಗುವಿನ ತಲೆ ಗೊಂದಲವಾಗುತ್ತದಂತೆ, ಮಾತು ತಡವಾಗುತ್ತದಂತೆ, ಬುದ್ಧಿ ಮಂದವಾಗುತ್ತದಂತೆ. ಹೌದೆ?" ಎಂದು ಕೇಳಿದರು. "ಬರೆಯುತ್ತೇವೆ ತಾಯಿ" ಎಂದು ಹೇಳಿ ನಾವು ಅಲ್ಲಿಂದ ಜಾರಿಕೊಂಡೆವು. ಜಾರಿಕೊಂಡದ್ದಕ್ಕೆ ಕಾರಣವಿದೆ. ಆ ಮೂರು 'ಅಂತೆ'ಗಳನ್ನು ಒಂದು ಕಾಲಕ್ಕೆ ನಾವೇ ನಂಬಿ, ಅದರಂತೆ ನಡೆದು, ಕೈ ಸುಟ್ಟುಕೊಂಡವರು. ಆ ಕಥೆಯನ್ನು ಹೇಳದೆ ಆಕೆಗೆ ಉತ್ತರ ಹೇಳುವುದು ಪ್ರಾಮಾಣಿಕತನವಾಗದು.

ನಮಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ಈಗ ಹತ್ತು ವರ್ಷ, ಚಿಕ್ಕವಳಿಗೆ ಆರು. ದೊಡ್ಡವನಿಗೆ ಮೂರು ತುಂಬಿ ಕೆಲವು ತಿಂಗಳಾಗಿದ್ದಾಗ ಶಾಲೆಗೆ ಸೇರಿಸಲು ಹೋದೆವು. ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿನ ಮಿಸ್ಸು ಒಂದು ಲೋಟ ತೋರಿಸಿ ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮ ಕುಮಾರಕಂಠೀರವ "ಲೋಟ" ಎಂದ. ನೀರು ತೋರಿಸಿದರು. "ತಣ್ಣಿ" ಎಂದ. ಮಿಸ್ಸು ನಮ್ಮ ಕಡೆ ತಿರುಗಿ, ಮಗು ಎರಡು ಭಾಷೆಗಳ ನಡುವೆ ಸಿಕ್ಕಿ ಗೊಂದಲಗೊಂಡಿದೆ, ಇನ್ನು ಮುಂದೆ ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ ಎಂದು ಬಹಳ ಮೃದುವಾಗಿ ಬುದ್ಧಿ ಹೇಳಿದರು. ಆಕೆ ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ನಾವು ಬಿ.ಎ. ಓದಿದವರು, ಮೇಲಿನವರು ಹೇಳಿದ್ದನ್ನು ಅನುಷ್ಠಾನಕ್ಕೆ ತರುವುದು ನಮ್ಮ ಉದ್ಯೋಗ. ಅಂದಿನಿಂದಲೇ ಮನೆಯಲ್ಲಿ ಇಂಗ್ಲಿಷ್ ಜಾರಿಗೆ ಬಂತು.

ಆದರೆ ನಮ್ಮ ಇಂಗ್ಲಿಷು ಕಡತದ ಇಂಗ್ಲಿಷು. ಮೇಲಧಿಕಾರಿಯ ಆದೇಶಕ್ಕಾಗಿ ಕಾಗದ ಮಂಡಿಸುವ ಒಕ್ಕಣೆಯನ್ನು ಆ ಭಾಷೆಯಲ್ಲಿ ನಿದ್ದೆಗಣ್ಣಿನಲ್ಲೂ ಬರೆದೇವು. ಬಿದ್ದು ಮೊಣಕಾಲು ತರಚಿಕೊಂಡು ಬಂದ ಮಗುವನ್ನು ಸಂತೈಸಲು ಬೇಕಾದ ಸಾಮಗ್ರಿ ಅದರಲ್ಲಿ ನಮ್ಮ ಬಳಿ ಇಲ್ಲ. ಕಮ್, ಗೋ, ಈಟ್, ಸ್ಲೀಪ್, ಡೋಂಟ್ ಟಚ್—ನಮ್ಮ ದಿನದ ಭಂಡಾರ ಇಷ್ಟೇ ಆಯಿತು. ನಮ್ಮಾಕೆಯ ಪಾಡು ಇನ್ನೂ ಕಷ್ಟ. ಮೊದಲೆಲ್ಲ ದೋಸೆ ಹುಯ್ಯುವಾಗ ಅವನನ್ನು ಅಡಿಗೆಮನೆಯ ಬಾಗಿಲಲ್ಲಿ ಕೂರಿಸಿಕೊಂಡು, "ಕಾವಲಿ ಕಾದಿದೆಯಾ ನೋಡೋಣ. ನೀರು ಚಿಮುಕಿಸಿದರೆ ಚುಂಯ್ ಅನ್ನಬೇಕು. ಅನ್ನಲಿಲ್ಲ ಅಂದರೆ ಇನ್ನೂ ಕಾದಿಲ್ಲ ಅಂತ. ಈಗ ಹುಯ್ದರೆ ಏನಾಗುತ್ತೆ ಹೇಳು?" ಎಂದು ಹರಟುತ್ತಿದ್ದಳು. ಅವನು "ಅಂಟಿಕೊಳ್ಳುತ್ತೆ" ಎನ್ನುತ್ತಿದ್ದ. "ಯಾಕೆ ಅಂಟಿಕೊಳ್ಳುತ್ತೆ?" ಎಂದು ತಾನೇ ಕೇಳುತ್ತಿದ್ದ. ಇಂಗ್ಲಿಷ್ ಜಾರಿಗೆ ಬಂದ ಮೇಲೆ ದೋಸೆ ಮೌನವಾಗಿ ಬೆಂದು ಮೌನವಾಗಿ ತಟ್ಟೆಗೆ ಬಂತು.

ಮೂರು ವರ್ಷದ ಮಗು ದಿನಕ್ಕೆ ನೂರು ಸಲ 'ಯಾಕೆ' ಎನ್ನುತ್ತದೆ. ನಮ್ಮ ಮನೆಯಲ್ಲಿ ಆ 'ಯಾಕೆ' ಕ್ರಮೇಣ ನಿಂತುಹೋಯಿತು. ಉತ್ತರವಾಗಿ ಒಂದೊಂದೇ ಮುರುಕು ಮಾತು ಸಿಗುವಾಗ ಯಾವ ಮಗು ತಾನೆ ಕೇಳೀತು? ಅವನು ಸುಮ್ಮನಾದ. ನಾವು ಅದನ್ನು ಶಿಸ್ತು ಎಂದುಕೊಂಡೆವು.

ಹೀಗೆ ಒಂದೂವರೆ ವರ್ಷ ಕಳೆದಿರಬೇಕು, ಚಿಕ್ಕವಳು ಹುಟ್ಟಿದ ಸಂದರ್ಭದಲ್ಲಿ ನಮ್ಮ ತಾಯಿ ಅರಸೀಕೆರೆಯ ಹತ್ತಿರದ ಊರಿನಿಂದ ಬಂದರು. ಮೂರು ತಿಂಗಳು ಇರುವುದೆಂದು ನಿಶ್ಚಯಿಸಿಕೊಂಡು, ಮೊಮ್ಮಗನಿಗಾಗಿ ಡಬ್ಬಿಯ ತುಂಬ ಕೊಬ್ಬರಿ ಮಿಠಾಯಿ ಕಟ್ಟಿಕೊಂಡು ಬಂದಿದ್ದರು. ಹುಡುಗ ಮಿಠಾಯಿ ತೆಗೆದುಕೊಂಡ, "ಥ್ಯಾಂಕ್ಯೂ" ಎಂದ, ಓಡಿಹೋದ. ಅಜ್ಜಿ ಏನು ಕೇಳಿದರೂ ತಾಯಿಯ ಮುಖ ನೋಡುತ್ತಿದ್ದ. ಹದಿನೈದು ದಿನ ನೋಡಿ ನಮ್ಮ ತಾಯಿ, "ಮಗೂಗೆ ನನ್ನ ಮೇಲೆ ಕೋಪವೇನೋ?" ಎಂದು ನಮ್ಮಾಕೆಯನ್ನು ಕೇಳಿದರಂತೆ. ಮೂರು ವಾರಕ್ಕೇ ಊರಿಗೆ ಹೊರಟರು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತಿಸುವಾಗ, "ಇನ್ನೊಂದಷ್ಟು ದಿನ ಇರಬಹುದಾಗಿತ್ತಮ್ಮ" ಎಂದೆವು. "ಮಾತಿಲ್ಲದ ಮನೇಲಿ ಎಷ್ಟು ದಿನ ಅಂತ ಕೂತಿರಲಿ ಮಗ?" ಎಂದರು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರು.

ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಮಿಸ್ಸು ಹೇಳಿದ್ದು ನಿಜವೆ ಎಂದು ಆಗಲೇ ವಿಚಾರಿಸಬೇಕಿತ್ತು, ವಿಚಾರಿಸಿರಲಿಲ್ಲ. ಕೋಟ್ಟೂರುಪುರದಲ್ಲಿ ೨೦೧೦ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯ ಇದೆಯಷ್ಟೆ. ಶನಿವಾರಗಳಂದು ಅಲ್ಲಿಗೆ ಹೋಗಿ, ಕಡತ ಓದುವವರ ಶ್ರದ್ಧೆಯಿಂದಲೇ ಈ ವಿಷಯ ಓದತೊಡಗಿದೆವು. ತಿಳಿದುಬಂದದ್ದನ್ನು ಸಂಕ್ಷೇಪವಾಗಿ ಇಲ್ಲಿ ಇಡುತ್ತೇವೆ.

ಎರಡು ಭಾಷೆಯಿಂದ ಬುದ್ಧಿ ಮಂದವಾಗುತ್ತದೆ ಎಂಬ ಮಾತು ಹಳೆಯದು. ಅದಕ್ಕೆ ಆಧಾರವೂ ಇತ್ತು. ೧೯೨೩ರಲ್ಲಿ ಸೇಯರ್ ಎಂಬವರು ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಸುಮಾರು ೧,೪೦೦ ಮಕ್ಕಳನ್ನು ಪರೀಕ್ಷಿಸಿದರು. ವೇಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ಹಳ್ಳಿಯ ಮಕ್ಕಳು ಇಂಗ್ಲಿಷ್ ಮಾತ್ರ ಆಡುವವರಿಗಿಂತ ಹಿಂದೆ ಬಿದ್ದಿದ್ದರು. ಆದರೆ ಅದೇ ಪರೀಕ್ಷೆಯಲ್ಲಿ ಪಟ್ಟಣದ ಮಕ್ಕಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ದೋಷ ಭಾಷೆಯದಾಗಿದ್ದರೆ ಪಟ್ಟಣದಲ್ಲೂ ಕಾಣಬೇಕಿತ್ತು. ಬಡತನ, ಶಾಲೆಯ ಸ್ಥಿತಿ, ಮಗು ಆಗಾಗ್ಗೆ ಕೇಳದ ಭಾಷೆಯಲ್ಲಿ ಪ್ರಶ್ನೆ—ಇವುಗಳ ಪಾಪವನ್ನೆಲ್ಲ ಎರಡು ಭಾಷೆಯ ತಲೆಗೆ ಕಟ್ಟಿದಂತಾಯಿತು.

ಇದನ್ನು ತಿರುಗಿಸಿದ್ದು ೧೯೬೨ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ನಡೆಸಿದ ಅಧ್ಯಯನ. ಹತ್ತು ವರ್ಷದ ಮಕ್ಕಳು. ಒಂದು ಗುಂಪಿಗೆ ಫ್ರೆಂಚ್ ಮಾತ್ರ, ಇನ್ನೊಂದಕ್ಕೆ ಫ್ರೆಂಚೂ ಇಂಗ್ಲಿಷೂ. ಮನೆಯ ಸ್ಥಿತಿಗತಿ ಹೋಲುವಂತೆ ನೋಡಿಕೊಂಡು ಪರೀಕ್ಷಿಸಲಾಗಿ ಎರಡು ಭಾಷೆಯವರೇ ಮುಂದಿದ್ದರು. ಆದರೆ ಎರಡೂ ಭಾಷೆ ಚೆನ್ನಾಗಿ ಬರುವವರನ್ನೇ ಆರಿಸಿಕೊಂಡಿದ್ದರು ಎಂಬ ಆಕ್ಷೇಪಣೆ ಅದರ ಮೇಲೆಯೂ ಬಂತು. ಆಮೇಲೆ ಟೊರೆಂಟೊದ ಎಲೆನ್ ಬಿಯಾಲಿಸ್ಟಾಕ್ ಮುಂತಾದವರು, ಎರಡು ಭಾಷೆಯ ಮಕ್ಕಳಿಗೆ ಗಮನವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊರಳಿಸುವ ಶಕ್ತಿ ಹೆಚ್ಚು ಎಂದು ತೋರಿಸಿದರು. ಪತ್ರಿಕೆಗಳು ಅದನ್ನು ಹಿಡಿದುಕೊಂಡು, ಎರಡು ಭಾಷೆ ಎಂದರೆ ಬ್ರಾಹ್ಮಿ ಲೇಹ್ಯ ಎಂಬಂತೆ ಡಂಗುರ ಸಾರಿದವು. ಅದೂ ಪೂರ್ತಿ ನಿಲ್ಲಲಿಲ್ಲ. ೨೦೧೯ರಲ್ಲಿ ಅಮೆರಿಕದ ಸುಮಾರು ನಾಲ್ಕೂವರೆ ಸಾವಿರ ಮಕ್ಕಳನ್ನು ನೋಡಿದ ದೊಡ್ಡ ಅಧ್ಯಯನವೊಂದಕ್ಕೆ ಅಂಥ ಲಾಭ ಕಾಣಿಸಲಿಲ್ಲ.

ಹೀಗಿರುವಲ್ಲಿ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟು: ಎರಡು ಭಾಷೆಯಿಂದ ಮಗು ದಡ್ಡನಾಗುವುದಿಲ್ಲ, ಎರಡು ಭಾಷೆ ಬಂದಿತೆಂದು ಎಲ್ಲದರಲ್ಲೂ ಜಾಣನಾಗುತ್ತದೆಂಬ ಖಾತರಿಯೂ ಇಲ್ಲ. ಹಾಗಿದ್ದರೂ ನಮ್ಮಂಥವರಿಗೆ ಬಹಳ ಮುಖ್ಯವೆನಿಸಿದ ಕೆಲಸ ಒಂದಿದೆ. ಅದು ನಮ್ಮ ದೇಶದ್ದೇ. ಒಡಿಶಾದ ಕಂಧ ಬುಡಕಟ್ಟಿನಲ್ಲಿ ಕೆಲವರು ತಮ್ಮ ಕುಯಿ ಭಾಷೆಯನ್ನು ಉಳಿಸಿಕೊಂಡು ಒಡಿಯಾವನ್ನೂ ಆಡುತ್ತಾರೆ. ಕೆಲವು ಕಡೆ ಕುಯಿ ಬಿಟ್ಟುಹೋಗಿ ಒಡಿಯಾ ಒಂದೇ ಉಳಿದಿದೆ. ಅಜಿತ್ ಮೊಹಾಂತಿ ಎಂಬ ಮನಶ್ಶಾಸ್ತ್ರಜ್ಞರು ಇವರಿಬ್ಬರ ಮಕ್ಕಳನ್ನು ಹೋಲಿಸಿ ನೋಡಿದರು. ಒಂದೇ ಜನ, ಒಂದೇ ಬಗೆಯ ಬಾಳುವೆ. ಭಾಷೆಯ ಬಗ್ಗೆ ಯೋಚಿಸಬೇಕಾದ ಪ್ರಶ್ನೆಗಳಲ್ಲಿ ಎರಡು ಭಾಷೆಯ ಮಕ್ಕಳೇ ಮೇಲಾದರು. ಮನೆಮಾತನ್ನು ಬಿಟ್ಟವರಿಗೆ ಬಿಟ್ಟದ್ದರಿಂದ ಲಾಭವೇನೂ ಆಗಿರಲಿಲ್ಲ. ನಾವು ಗ್ರಂಥಾಲಯದ ಮೇಜಿನ ಮುಂದೆ ಇದನ್ನು ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತೆವು.

ಇನ್ನು ಗೊಂದಲದ ವಿಷಯ. ವ್ಯಾಂಕೂವರ್ ನಗರದಲ್ಲಿ ಹುಟ್ಟಿದ ಕೂಸುಗಳ ಮೇಲೆ ನಡೆದ ಅಧ್ಯಯನ ೨೦೧೦ರಲ್ಲಿ ಪ್ರಕಟವಾಯಿತು. ಬಸುರಿಯಲ್ಲೇ ತಾಯಿ ಇಂಗ್ಲಿಷೂ ತಗಲಾಗೂ (ಇದು ಫಿಲಿಪೈನ್ಸ್ ದೇಶದ ಭಾಷೆ) ಆಡಿದ್ದರೆ, ಹುಟ್ಟಿದ ಕೂಸಿಗೆ ಆ ಎರಡರಲ್ಲೂ ಆಸಕ್ತಿಯಿರುತ್ತದೆ, ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಗುರುತಿಸಲೂ ಬರುತ್ತದೆ ಎಂದು ಕಂಡುಬಂತು. ಆಗ ತಾನೇ ಕಣ್ಣು ಬಿಟ್ಟ ಕೂಸಿಗೆ ಇಲ್ಲದ ಗೊಂದಲ ಮೂರು ವರ್ಷದವನಿಗೆ ಎಲ್ಲಿಂದ ಬರಬೇಕು? ಅವನು "ತಣ್ಣಿ" ಎಂದದ್ದು ಕೆಳಮನೆಯ ಮಾಮಿ ದಿನವೂ ಕೊಡುತ್ತಿದ್ದ ನೀರಿನ ನೆನಪಿಗೆ. ದೊಡ್ಡವರಾದ ನಾವು 'ಫೈಲು ಮೂವ್ ಆಯಿತು' ಎನ್ನುವುದಿಲ್ಲವೆ? ನಮ್ಮನ್ನು ಯಾರೂ ಗೊಂದಲಗೊಂಡವರೆಂದು ಹೇಳಲಿಲ್ಲ.

ಶಬ್ದಗಳ ಎಣಿಕೆಯಲ್ಲೂ ಒಂದು ಮೋಸವಿದೆ. ಎರಡು ಭಾಷೆಯ ಮಗುವನ್ನು ಒಂದೇ ಭಾಷೆಯಲ್ಲಿ ಪರೀಕ್ಷಿಸಿದರೆ ಶಬ್ದ ಕಡಿಮೆ ಎಂದೇ ಕಾಣುತ್ತದೆ. ಅಮೆರಿಕದ ಮಯಾಮಿ ನಗರದಲ್ಲಿ ಸ್ಪ್ಯಾನಿಷೂ ಇಂಗ್ಲಿಷೂ ಕೇಳಿ ಬೆಳೆಯುವ ಕೂಸುಗಳ ಶಬ್ದಗಳನ್ನು ಎರಡೂ ಕಡೆಯಿಂದ ಕೂಡಿಸಿ ನೋಡಿದಾಗ ಅವು ಒಂದೇ ಭಾಷೆಯ ಕೂಸುಗಳಿಗೆ ಸಮನಾಗಿಯೇ ಇದ್ದವು. ಇದು ೧೯೯೩ರಲ್ಲಿ ಪ್ರಕಟವಾದದ್ದು. ಎರಡು ಬ್ಯಾಂಕಿನಲ್ಲಿ ಖಾತೆ ಇರುವವನ ಒಂದೇ ಪಾಸ್‌ಬುಕ್ಕು ನೋಡಿ ಅವನನ್ನು ಬಡವ ಎನ್ನಬಹುದೆ?

ಇಷ್ಟು ಓದಿದ ಮೇಲೆ ಮನೆಯಲ್ಲಿ ಹಳೆಯ ಆದೇಶ ರದ್ದಾಯಿತು. ಒಂದು ದಿನ ಸಾಯಂಕಾಲ ಆಫೀಸಿನಿಂದ ಬಂದು, ಕಾಲು ತೊಳೆದು, "ರಾಯರೇ, ಇವತ್ತು ಸ್ಕೂಲಲ್ಲಿ ಏನು ನಡೆಯಿತು?" ಎಂದು ಕನ್ನಡದಲ್ಲಿ ಕೇಳಿದೆವು. ಹುಡುಗ ಬೆಚ್ಚಿ ನೋಡಿದ. ಇಂಗ್ಲಿಷಿನಲ್ಲಿ ಉತ್ತರ ಹೇಳಿದ. ಅಂದಿನಿಂದ ಇಂದಿನವರೆಗೂ ಹೆಚ್ಚುಕಡಿಮೆ ಹಾಗೆಯೇ ಇದೆ: ನಾವು ಕನ್ನಡ ಆಡುತ್ತೇವೆ, ಅವನಿಗೆ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಬರುತ್ತದೆ. ಓದಿನಲ್ಲಿ ಅವನು ಚೆನ್ನಾಗಿಯೇ ಇದ್ದಾನೆ. ಆದರೆ ನಾವು ಕಿತ್ತುಕೊಂಡದ್ದನ್ನು ಹಾಗೆಯೇ ಹಿಂದಿರುಗಿಸಲು ಬರಲಿಲ್ಲ.

ಚಿಕ್ಕವಳ ಕಥೆ ಬೇರೆ. ಅವಳು ಹುಟ್ಟಿ ಕೆಲವು ತಿಂಗಳಿಗೇ ಕನ್ನಡ ಮನೆಗೆ ಹಿಂದಿರುಗಿತ್ತು. ನಂಗನಲ್ಲೂರಿನ ನಮ್ಮ ಮನೆಯ ಕೆಳಗಡೆ ಮಾಮಿಯ ಮನೆ. ಅವಳ ಅರ್ಧ ದಿನ ಅಲ್ಲಿ. ಮೇಲೆ ಕನ್ನಡ, ಕೆಳಗೆ ತಮಿಳು, ನಡುವೆ ಹದಿನೆಂಟು ಮೆಟ್ಟಿಲು. ಐದನೆಯ ವರ್ಷದಲ್ಲಿ ಒಂದು ದಿನ ಮೆಟ್ಟಿಲು ಹತ್ತಿ ಬಂದವಳೇ, "ಅಪ್ಪಾ, ಮಾಮಿ 'ಪ' ಅಂದಕಡೆಯೆಲ್ಲ ನಾವು 'ಹ' ಅಂತೀವಿ!" ಎಂದು ಘೋಷಿಸಿದಳು. ಪಾಲ್ ಎಂದರೆ ಹಾಲು, ಪಲ್ ಎಂದರೆ ಹಲ್ಲು, ಪೂ ಎಂದರೆ ಹೂವು, ಪುಲಿ ಎಂದರೆ ಹುಲಿ. ಬೆರಳು ಮಡಿಸಿ ಮಡಿಸಿ ಹೇಳಿದಳು. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ.

ವಾಚಕರಲ್ಲಿ ಬಲ್ಲವರಿಗೆ ಇದು ಹೊಸದಲ್ಲ. ಪಂಪನ ಕಾಲದ ಹಳಗನ್ನಡದಲ್ಲಿ ನಮ್ಮಲ್ಲೂ ಅದು ಪಾಲ್, ಪಲ್, ಪೂ, ಪುಲಿಯೇ; ಆಮೇಲಿನ ಶತಮಾನಗಳಲ್ಲಿ ಕನ್ನಡದ ಪಕಾರ ಹಕಾರವಾಯಿತು, ತಮಿಳಿನದು ಹಾಗೆಯೇ ನಿಂತಿತು. ಕಿಟ್ಟೆಲ್ಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಇದೇ ಊರಿನ ಮದರಾಸು ವಿಶ್ವವಿದ್ಯಾನಿಲಯ ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿಸಿತು. ಅದನ್ನು ತಿರುವಿದರೆ ಇಂಥ ಜೋಡಿಗಳು ಹೇರಳವಾಗಿ ಸಿಗುತ್ತವೆ. ಪಂಡಿತರು ನಿಘಂಟಿನಲ್ಲಿ ಕಾಣುವುದನ್ನು ಮಗು ಹದಿನೆಂಟು ಮೆಟ್ಟಿಲ ನಡುವೆ ಕಂಡುಕೊಂಡಿತು. ಒಂದೇ ಭಾಷೆಯ ಮನೆಯಲ್ಲಿ ಅವಳಿಗೆ ಈ ಅವಕಾಶವೇ ಬರುತ್ತಿರಲಿಲ್ಲ.

ನಿಯಮ ಕೈಗೆ ಸಿಕ್ಕ ಮೇಲೆ ಮಕ್ಕಳು ಅದನ್ನು ಎಲ್ಲ ಕಡೆಗೂ ಹಚ್ಚುತ್ತಾರೆ. ಮಾಮಿ ಫ್ಯಾನಿಗೆ 'ಪೇನ್' ಎನ್ನುವವರು. ಆ ಬೇಸಗೆಯಲ್ಲಿ ಊರಿನಿಂದ ಬಂದಿದ್ದ ನಮ್ಮ ತಾಯಿಗೆ ಇವಳು, "ಅಜ್ಜೀ, ಸೆಕೆ. ಹೇನು ಹಾಕಿ!" ಎಂದಳು. ನಮ್ಮ ತಾಯಿ ಗಾಬರಿಗೊಂಡು ಬಾಚಣಿಗೆ ತೆಗೆದುಕೊಂಡು ಅವಳ ಜಡೆ ಬಿಚ್ಚಿ ಕೂತುಬಿಟ್ಟರು. ಸ್ವಾರಸ್ಯವೆಂದರೆ ತಮಿಳಿನಲ್ಲಿ ತಲೆಯ ಹೇನಿಗೂ ಪೇನ್ ಎಂದೇ ಹೆಸರು. ಹುಡುಗಿಯ ನಿಯಮ ತಪ್ಪಲಿಲ್ಲ, ಛಾವಣಿಯ ಯಂತ್ರ ತಪ್ಪಿತು. ಮೂರು ತಿಂಗಳೆಂದು ಬಂದಿದ್ದ ನಮ್ಮ ತಾಯಿ ಆ ಸಲ ನಾಲ್ಕು ತಿಂಗಳಿದ್ದರು.

ಇದನ್ನು ಬರೆಯಲು ಕಾರಣವಿದೆ. ದಕ್ಷಿಣ ಆಫ್ರಿಕದಲ್ಲಿ ಇಯಾಂಕೊ-ವೊರಾಲ್ ಎಂಬಾಕೆ ೧೯೭೨ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಆಫ್ರಿಕಾನ್ಸ್ ಮತ್ತು ಇಂಗ್ಲಿಷ್ ಆಡುವ ಮಕ್ಕಳನ್ನು 'ಕ್ಯಾಪ್' ಎಂಬುದಕ್ಕೆ 'ಕ್ಯಾನ್' ಹತ್ತಿರವೋ 'ಹ್ಯಾಟ್' ಹತ್ತಿರವೋ ಎಂದು ಕೇಳಿದರು. ಒಂದು ಉಚ್ಚಾರದಲ್ಲಿ ಹತ್ತಿರ, ಇನ್ನೊಂದು ಅರ್ಥದಲ್ಲಿ. ಎರಡು ಭಾಷೆಯ ಮಕ್ಕಳು ಅರ್ಥದ ಕಡೆಗೆ ಎರಡು ಮೂರು ವರ್ಷ ಮುಂಚೆಯೇ ತಿರುಗಿದ್ದರು. ಒಂದೇ ವಸ್ತುವಿಗೆ ಎರಡು ಹೆಸರು ಕೇಳಿದ ಮಗುವಿಗೆ, ಹೆಸರು ಬೇರೆ ವಸ್ತು ಬೇರೆ ಎಂಬುದು ಬೇಗ ಹೊಳೆಯುತ್ತದೆ. ನಾವೂ ಚಿಕ್ಕವಳನ್ನು, "ಹಾಲಿಗೆ ಹತ್ತಿರದ್ದು ಹಾಡೋ ಮೊಸರೋ?" ಎಂದು ಕೇಳಿದೆವು. "ಮೊಸರು. ಹಾಡನ್ನ ಕುಡಿಯೋಕಾಗುತ್ತಾ?" ಎಂದು ನಮ್ಮನ್ನೇ ಕೇಳಿದಳು. ಒಂದು ಮನೆಯ ಒಂದು ಮಗು ಶಾಸ್ತ್ರಕ್ಕೆ ಪ್ರಮಾಣವಲ್ಲ, ಬಲ್ಲೆವು. ತಂದೆಯ ಸಂತೋಷಕ್ಕೆ ಅಷ್ಟು ಸಾಕಾಯಿತು.

ಹೊರಗಿನ ಮಾತು ಒಳಗಿನ ಮಾತನ್ನು ಕೆಡಿಸುತ್ತದೆ ಎಂಬವರು ಕನ್ನಡದ ಹಿರಿಯರನ್ನೇ ನೆನೆಯಲಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್, ಪು.ತಿ.ನರಸಿಂಹಾಚಾರ್, ಟಿ.ಪಿ.ಕೈಲಾಸಂ, ಜಿ.ಪಿ.ರಾಜರತ್ನಂ—ಇವರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ, ಗಿರೀಶ ಕಾರ್ನಾಡರದು ಕೊಂಕಣಿ. ನಾವೆಲ್ಲ ಶಿಶುವಿಹಾರದಲ್ಲಿ ಬಾಯಿಪಾಠ ಮಾಡಿದ ಪದ್ಯಗಳನ್ನು ಕನ್ನಡದ ಮಕ್ಕಳಿಗೆ ಬರೆದುಕೊಟ್ಟವರು ತಮಿಳು ಮನೆಯಲ್ಲಿ ಬೆಳೆದ ರಾಜರತ್ನಂ. ಅವರಿಗೆ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ; ನಮಗೆ ತಿರುವು ಮುರುವು, ಅಷ್ಟೇ. ಕನ್ನಡ ಚಿತ್ರಗಳು ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾಲವನ್ನು ನೆನೆಯಿರಿ. ರಾಜ್‌ಕುಮಾರ್ ಅವರ ಮಕ್ಕಳಾದ ಶಿವರಾಜ್‌ಕುಮಾರ್ ೧೯೬೨ರಲ್ಲಿ, ಪುನೀತ್ ೧೯೭೫ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಅವರ ಕನ್ನಡಕ್ಕೆ ಊನವೇನಾಯಿತು? ಕರ್ನಾಟಕಕ್ಕೆಲ್ಲ ಗೊತ್ತಿರುವ ಸಂಗತಿ.

ತಮಿಳಿನ ಮೇಲೆ ಮುನಿಸು ಬೇಡವೆಂದು ಇದರಿಂದಲೇ ತಿಳಿಯುತ್ತದೆ. ಇಲ್ಲಿನ ಶಾಲೆಗಳಲ್ಲಿ ತಮಿಳು ಕಲಿಯಬೇಕೆಂಬ ಕಾಯಿದೆ ೨೦೦೬ರಲ್ಲಿ ಬಂದು, ಒಂದನೆಯ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲಾಗಿ ಹತ್ತನೆಯ ತರಗತಿಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗಾದ ತೊಡಕು ನ್ಯಾಯಾಲಯದವರೆಗೂ ಹೋಯಿತು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿ ಹೇಳುತ್ತದೆ. ಅವು ಹಕ್ಕಿನ ವಿಚಾರ, ಬೇರೆಯೇ ಬರೆಯತಕ್ಕವು. ೨೦೧೧ರ ಜನಗಣತಿಯಂತೆ ಈ ರಾಜ್ಯದಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಕನ್ನಡಿಗರಿದ್ದೇವೆ. ತಮಿಳನ್ನು ಕಲಿಸಲು ಬೀದಿ ಇದೆ, ಶಾಲೆ ಇದೆ, ಮಾಮಿ ಇದ್ದಾರೆ. ಇಂಗ್ಲಿಷನ್ನು ಕಲಿಸಲು ಊರೇ ಇದೆ. ಕನ್ನಡವನ್ನು ಕಲಿಸಲು ಮನೆಯೊಂದೇ. ಅದನ್ನು ಕಾಯಿದೆಯೂ ಕಸಿದುಕೊಂಡಿಲ್ಲ. ನಮ್ಮ ಮನೆಯಲ್ಲಿ ಕಸಿದುಕೊಂಡವರು ನಾವೇ.

ಈಗ ಆ ತಾಯಿಗೆ ಉತ್ತರ. ಮನೆಯಲ್ಲಿ ನಿಮಗೆ ತುಂಬಿ ಬರುವ ಮಾತು ಯಾವುದೋ ಅದನ್ನೇ ಆಡಿ. ಮಗುವಿನ ಬುದ್ಧಿ ಬೆಳೆಯುವುದು 'ಕಮ್', 'ಗೋ'ಗಳಿಂದಲ್ಲ. 'ಯಾಕೆಂದರೆ', 'ಹಾಗಾದರೆ', 'ಆಮೇಲೆ ಏನಾಯಿತು'ಗಳಿಂದ. ಅವು ನಮಗೆ ಯಾವ ಭಾಷೆಯಲ್ಲಿ ಧಾರಾಳವಾಗಿ ಬರುತ್ತವೆಯೋ ಅದೇ ಮಗುವಿಗೆ ಪುಷ್ಟಿ. ತಾಯಿಯೊಂದು ಭಾಷೆ, ತಂದೆಯೊಂದು ಭಾಷೆ ಎಂದು ಹಂಚಿಕೊಳ್ಳುವವರಿದ್ದಾರೆ. ಫ್ರಾನ್ಸಿನ ರೊಂಜಾ ಎಂಬ ಭಾಷಾಶಾಸ್ತ್ರಜ್ಞ ತಮ್ಮ ಮಗನನ್ನು ಹಾಗೆ ಬೆಳೆಸಿ ೧೯೧೩ರಲ್ಲೇ ಪುಸ್ತಕ ಬರೆದರು. ಆದರೆ ನಮ್ಮಂಥ ಮನೆಗೆ ಇನ್ನೊಂದು ವಿಷಯ ಹೆಚ್ಚು ಅನ್ವಯಿಸುತ್ತದೆ. ಬೆಲ್ಜಿಯಂ ದೇಶದ ಫ್ಲಾಂಡರ್ಸಿನಲ್ಲಿ ಸಾ‌ವಿರಾರು ಕುಟುಂಬಗಳನ್ನು ವಿಚಾರಿಸಿದ ಅಧ್ಯಯನ ೨೦೦೭ರಲ್ಲಿ ಬಂತು. ಹೊರಗೆ ಬಳಕೆಯಿಲ್ಲದ ಮನೆಮಾತನ್ನು ಸುಮಾರು ನಾಲ್ಕರಲ್ಲೊಂದು ಪಾಲು ಕುಟುಂಬಗಳ ಮಕ್ಕಳು ಆಡುತ್ತಲೇ ಇರಲಿಲ್ಲ. ತಂದೆ ತಾಯಿ ಇಬ್ಬರೂ ಅದನ್ನು ಆಡಿದ ಮನೆಗಳಲ್ಲಿ ಅದು ಉಳಿಯುವ ಸಂಭವ ಹೆಚ್ಚಾಗಿತ್ತು. ಮನೆಯಲ್ಲಿ ಇದ್ದರೆ ತಾನಾಗಿಯೇ ಬರುತ್ತದೆ ಎಂದು ಸುಮ್ಮನಿರಬೇಡಿ.

ಒಂದು ಎಚ್ಚರಿಕೆ. ಮಗು ಹೊತ್ತಿಗೆ ಸರಿಯಾಗಿ ಮಾತಾಡುತ್ತಿಲ್ಲವೆಂದು ಅನುಮಾನ ಬಂದರೆ, ಎರಡು ಭಾಷೆಯ ಮೇಲೆ ಹಾಕಿ ಕಾಯುತ್ತಾ ಕೂರಬೇಡಿ. ನಿಜವಾದ ತಡ ಎರಡೂ ಭಾಷೆಯಲ್ಲಿ ಕಾಣುತ್ತದೆ. ಕಿವಿ ಕೇಳಿಸುತ್ತಿದೆಯೆ ಎಂದು ಮೊದಲು ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣಿ. ಒಂದು ಭಾಷೆ ಬಿಟ್ಟ ಮಾತ್ರಕ್ಕೆ ಅದು ವಾಸಿಯಾಗುವಂಥದಲ್ಲ.

ಮತ್ತೊಂದು ಮಾತು. ಬುದ್ಧಿ ಚುರುಕಾಗಲೆಂದು ಕನ್ನಡ ಆಡಬೇಡಿ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ ೬೪೮ ಮಂದಿಯನ್ನು ನೋಡಿ, ಎರಡು ಭಾಷೆ ಬಲ್ಲವರಿಗೆ ಆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತೆಂದು ೨೦೧೩ರಲ್ಲಿ ಪ್ರಕಟಿಸಿದರು. ಓದುಬರಹ ಬಾರದವರಲ್ಲೂ ಹಾಗೆಯೇ. ಸಂತೋಷ. ಬಂದರೆ ಅದು ಬಡ್ಡಿ. ಅಸಲು ಬೇರೆ ಇದೆ. ನಮ್ಮ ಮನೆಯ ಅಸಲು ಅರಸೀಕೆರೆಯ ಹತ್ತಿರ ಒಂದು ಹೆಂಚಿನ ಮನೆಯಲ್ಲಿ ಕೂತು ಪ್ರತಿ ಭಾನುವಾರ ಫೋನಿಗಾಗಿ ಕಾಯುತ್ತಿರುತ್ತದೆ.

ಭಾನುವಾರದ ಫೋನಿನಲ್ಲಿ ಅಜ್ಜಿ ಮೊಮ್ಮಗನನ್ನು ಏನಾದರೂ ಕೇಳಿದರೆ, ಚಿಕ್ಕವಳು ನಡುವೆ ನಿಂತು ಅಣ್ಣನ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಾಳೆ. ಆರು ವರ್ಷದವಳು ಹತ್ತು ವರ್ಷದವನಿಗೆ ದುಭಾಷಿ. ನೋಡುವವರಿಗೆ ತಮಾಷೆ; ನಮಗೆ ಮಾತ್ರ ಆ ಹೊತ್ತಿನಲ್ಲಿ ಅಡಿಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಈಗ ನಾಲ್ಕು ತಿಂಗಳಿಂದ ಅವನು ಭಾನುವಾರ ಬೆಳಿಗ್ಗೆ ತಂಗಿಯ ಜೊತೆ ಕೂತು ಕನ್ನಡ ಅಕ್ಷರ ತಿದ್ದುತ್ತಿದ್ದಾನೆ. ನಾವು ಹೇಳಿದ್ದಲ್ಲ, ತಂಗಿಗೆ ಬರುವುದು ತನಗೆ ಬಾರದೆಂಬ ಹಟ. ಕಾಗುಣಿತದ ಅರ್ಧ ದಾರಿಯಲ್ಲಿದ್ದಾನೆ.

ಮೊನ್ನೆ ಭಾನುವಾರ ಚಿಕ್ಕವಳು ಕೆಳಗೆ ಮಾಮಿಯ ಮನೆಗೆ ಹೋಗಿದ್ದಳು. ಫೋನು ಅವನ ಕೈಯಲ್ಲೇ ಇತ್ತು. "ಊಟ ಆಯ್ತೇನೋ ಮಗ?" ಎಂದು ಅಜ್ಜಿ ಕೇಳಿದರು. "ಆಯ್ತು" ಎಂದ. "ನಂದಿನ್ನೂ ಇಲ್ಲ ಕಣಪ್ಪ" ಎಂದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಯಾಕೆ?" ಎಂದ.

ನಮ್ಮ ತಾಯಿ ಆ ಕಡೆಯಿಂದ ಕಾಲು ಗಂಟೆ ಉತ್ತರ ಹೇಳಿದರು.

ವಾಚಕರ ಮನೆಗಳಲ್ಲೂ ಇಂಥ ಕಥೆಗಳಿರಬೇಕು. ಮಕ್ಕಳು ಎರಡು ಮಾತು ಬೆರೆಸಿ ಆಡಿದ್ದು, ತಾವೇ ಕಂಡುಹಿಡಿದ ನಿಯಮಗಳು, ಅಜ್ಜ ಅಜ್ಜಿಯರೊಡನೆ ನಡೆದ ಸಂಭಾಷಣೆಗಳು—ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಈ ಪುಟವನ್ನು ಅವುಗಳಿಗೇ ಬಿಟ್ಟುಕೊಡುತ್ತೇವೆ. ತಪ್ಪು ಮಾಡಿದವರೂ ಸಂಕೋಚವಿಲ್ಲದೆ ಬರೆಯಬಹುದು. ಮೊದಲ ಸಾಲಿನಲ್ಲಿ ನಾವೇ ಕುಳಿತಿದ್ದೇವೆ.